ಸಂತ ಜೋಸೆಫ್ ವಾಜ್: ನೋಯಿಸಿದವರಿಗಾಗಿ ಮಳೆ ಬೇಡಿದ ಗುರು

ನಮ್ಮ ಧರ್ಮಕೇಂದ್ರದ ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ, ನೂರು ವರ್ಷಗಳ ಕಾಲ ದೇವರು ಅನುಗ್ರಹಿಸಿದ ವರದಾನಗಳಿಗಾಗಿ ಕೃತಜ್ಞತೆ ಸಲ್ಲಿಸುವುದು ನಮ್ಮೆಲ್ಲರ ಕರ್ತವ್ಯವಾಗಿದೆ. ಆದರೆ ನೂರು ವರ್ಷಗಳಲ್ಲಿ ಒಂದು ಸಮುದಾಯದಲ್ಲಿ ವರದಾನಗಳು ಮಾತ್ರವೇ ಕೂಡಿಕೊಳ್ಳುವುದಿಲ್ಲ, ಮನಸ್ತಾಪಗಳೂ ಕೂಡಿಕೊಳ್ಳುತ್ತವೆ. ತಾತನ ಕಾಲದ ಬದುವಿನ ಜಗಳ ಮೊಮ್ಮಗನ ಕಾಲಕ್ಕೂ ಮುಗಿದಿರುವುದಿಲ್ಲ. ಒಂದೇ ಪೀಠದಿಂದ ಪರಮಪ್ರಸಾದ ಸ್ವೀಕರಿಸುವ ಅಣ್ಣತಮ್ಮಂದಿರು ದೇವಾಲಯದ ಬಾಗಿಲು ದಾಟಿದೊಡನೆ ಮುಖ ತಿರುಗಿಸಿಕೊಂಡು ಹೋಗುವುದನ್ನು ಕಾಣದ ಧರ್ಮಕೇಂದ್ರವೇ ಇಲ್ಲ. ಆದುದರಿಂದ ಉತ್ಸವದ ತೋರಣ ಕಟ್ಟುವ ಈ ಸಮಯದಲ್ಲಿ, ತಮ್ಮನ್ನು ನೋಯಿಸಿದವರ ಒಳಿತಿಗಾಗಿ ಪ್ರಾರ್ಥಿಸಿದ ಒಬ್ಬ ಮಹಾಗುರುವಿನ ಜೀವನವನ್ನು ಭಕ್ತಾದಿಗಳ ಮುಂದಿಡುವುದು ಉಚಿತವೆಂದು ಭಾವಿಸುತ್ತೇನೆ.

ಅವರೇ ಸಂತ ಜೋಸೆಫ್ ವಾಜ್. ಗೋವೆಯಲ್ಲಿ ಹುಟ್ಟಿ, ನಮ್ಮ ಕನ್ನಡ ಕರಾವಳಿಯಲ್ಲಿ ದುಡಿದು, ಸಿಂಹಳ ದ್ವೀಪದಲ್ಲಿ ಪ್ರಾಣ ಬಿಟ್ಟವರು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಈ ಬಯಲುಸೀಮೆಗೂ ಅವರಿಗೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಅವರು ಇತ್ತ ಕಡೆ ಕಾಲಿಡಲಿಲ್ಲ ನಿಜ. ಆದರೆ ಮಳೆಗಾಗಿ ಆಕಾಶದತ್ತ ಕಣ್ಣಿಟ್ಟು ಕೂರುವುದು ಎಂಥದೆಂದು ನಮಗೆ ಗೊತ್ತು. ಆ ಸಂತರ ಜೀವನದ ಅತಿ ದೊಡ್ಡ ಪ್ರಾರ್ಥನೆ ಮಳೆಗಾಗಿ ಮಾಡಿದ ಪ್ರಾರ್ಥನೆ. ಅದೂ ತಮ್ಮನ್ನು ಸೆರೆಗೆ ತಳ್ಳಿದವರ ನಾಡಿಗಾಗಿ. ಅದರ ಅರ್ಥವನ್ನು ಈ ಸೀಮೆಯ ರೈತನಿಗಿಂತ ಚೆನ್ನಾಗಿ ಬೇರೆ ಯಾರು ತಾನೇ ಬಲ್ಲರು?

ಬಾಲ್ಯ ಮತ್ತು ಗುರುದೀಕ್ಷೆ

ಜೋಸೆಫ್ ವಾಜರು 1651ರ ಏಪ್ರಿಲ್ 21ರಂದು ಗೋವೆಯ ಸಾಲ್ಸೆಟ್ ಪ್ರಾಂತ್ಯದ ಬೆಣಾವ್ಲಿ ಗ್ರಾಮದಲ್ಲಿ ಜನಿಸಿದರು. ಅದು ತಾಯಿ ಮರಿಯ ಅವರ ತವರೂರು. ತಂದೆ ಕ್ರಿಸ್ತೊವಾವ್ ವಾಜ್ ಸಾಂಕ್ವಾಳ ಗ್ರಾಮದವರು. ಮನೆಮಾತು ಕೊಂಕಣಿ. ಬಾಲಕನು ಗ್ರಾಮದ ಶಾಲೆಗಳಲ್ಲಿ ಪೋರ್ಚುಗೀಸ್ ಮತ್ತು ಲತೀನ್ ಭಾಷೆಗಳನ್ನು ಕಲಿತು, ಮುಂದೆ ಗೋವಾ ನಗರದಲ್ಲಿ ಯೇಸುಸಭೆಯವರ ಸಂತ ಪೌಲರ ಕಾಲೇಜಿನಲ್ಲಿಯೂ ಸಂತ ಥಾಮಸ್ ಅಕ್ವಿನಾಸರ ವಿದ್ಯಾಲಯದಲ್ಲಿಯೂ ವ್ಯಾಸಂಗ ಮಾಡಿ, 1676ರಲ್ಲಿ ಗುರುದೀಕ್ಷೆ ಪಡೆದರು.

ಗುರುವಾದ ಮೇಲೆ ಅವರು ಬಡವರಂತೆ ಬರಿಗಾಲಿನಲ್ಲಿ ನಡೆಯತೊಡಗಿದರು. ಸಾಂಕ್ವಾಳದಲ್ಲಿ ಗುರುಗಳಾಗಬಯಸುವ ಹುಡುಗರಿಗಾಗಿ ಲತೀನ್ ಶಾಲೆಯೊಂದನ್ನು ತೆರೆದರು. 1677ರ ಆಗಸ್ಟ್ 5ರಂದು ತಮ್ಮನ್ನು ತಾವೇ ಮಾತೆ ಮರಿಯಮ್ಮನವರಿಗೆ ದಾಸನನ್ನಾಗಿ ಅರ್ಪಿಸಿಕೊಂಡು ದಾಸ್ಯಪತ್ರವೊಂದನ್ನು ಬರೆದಿಟ್ಟರು. ದಾಸನಾದವನಿಗೆ ಮಾನ ಅವಮಾನಗಳ ಲೆಕ್ಕವಿರುವುದಿಲ್ಲ. ಮುಂದೆ ಅವರಿಗೆ ಬಂದೊದಗಿದ ಅವಮಾನಗಳನ್ನು ಅವರು ಸಹಿಸಿದ ಬಗೆಯನ್ನು ನೋಡಿದಾಗ, ಆ ಪತ್ರವನ್ನು ಅವರು ಮನಃಪೂರ್ವಕವಾಗಿಯೇ ಬರೆದಿದ್ದರೆಂದು ತಿಳಿದುಬರುತ್ತದೆ.

ಕನ್ನಡ ಕರಾವಳಿಯಲ್ಲಿ

ಸಿಂಹಳ ದ್ವೀಪದಲ್ಲಿ ಡಚ್ಚರ ಆಳ್ವಿಕೆ ಬಂದ ಮೇಲೆ ಅಲ್ಲಿನ ಕಥೋಲಿಕರು ಗುರುಗಳಿಲ್ಲದೆ ಅನಾಥರಾಗಿದ್ದಾರೆಂಬ ಸುದ್ದಿ ವಾಜ್ ಸ್ವಾಮಿಗಳ ಮನಸ್ಸನ್ನು ಕಲಕಿತ್ತು. ಅಲ್ಲಿಗೆ ಹೋಗಲು ಅವರು ಅನುಮತಿ ಬೇಡಿದರು. ಆದರೆ ಮೇಲಧಿಕಾರಿಗಳು 1681ರಲ್ಲಿ ಅವರನ್ನು ಕೆನರಾ ಪ್ರಾಂತ್ಯಕ್ಕೆ ಮುಖ್ಯಗುರುವನ್ನಾಗಿ ಕಳುಹಿಸಿದರು. ಆಗ ಕನ್ನಡ ಕರಾವಳಿಯು ಕೆಳದಿಯ ರಾಣಿ ಚೆನ್ನಮ್ಮಾಜಿಯವರ ಆಳ್ವಿಕೆಯಲ್ಲಿತ್ತು.

ಅಲ್ಲಿ ಅವರನ್ನು ಎದುರುಗೊಂಡದ್ದು ಪರಧರ್ಮೀಯರ ವಿರೋಧವಲ್ಲ, ಸ್ವಂತ ಮನೆಯ ಒಡಕು. ಪೂರ್ವದೇಶಗಳ ಧರ್ಮಸಭೆಯನ್ನು ಪೋಷಿಸುವ ಹಕ್ಕನ್ನು ಜಗದ್ಗುರುಗಳು ಹಿಂದೆ ಪೋರ್ಚುಗಲ್ ರಾಜರಿಗೆ ನೀಡಿದ್ದರು. ಇದಕ್ಕೆ ಪದ್ರವಾದೊ ಎಂದು ಹೆಸರು. ಅನಂತರ 1622ರಲ್ಲಿ ರೋಮಿನಲ್ಲಿ ಸ್ಥಾಪನೆಯಾದ ಪ್ರಾಪಗಾಂಡಾ ಪರಿಷತ್ತು ನೇರವಾಗಿ ತನ್ನ ಧರ್ಮಾಧ್ಯಕ್ಷರನ್ನು ನೇಮಿಸತೊಡಗಿತು. ಹೀಗೆ ನೇಮಕಗೊಂಡ ಗೋವೆಯವರೇ ಆದ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ ಮಂಗಳೂರಿನಲ್ಲಿದ್ದರು. ಗೋವೆಯವರು ಅವರ ಅಧಿಕಾರವನ್ನು ಒಪ್ಪಲಿಲ್ಲ. ಅವರು ಗೋವೆಯವರ ಅಧಿಕಾರವನ್ನು ಒಪ್ಪಲಿಲ್ಲ. ಯಾರ ಗುರು ನೀಡಿದ ಸಂಸ್ಕಾರ ಸಿಂಧುವೆಂದು ತಿಳಿಯದೆ ಬಡ ಭಕ್ತಾದಿಗಳು ತಬ್ಬಿಬ್ಬಾಗಿದ್ದರು. ಇಬ್ಬರ ಜಗಳದಲ್ಲಿ ಮೂರನೆಯವರು ಬಡವಾದರು.

ಗೋವೆಯ ಪಕ್ಷದಿಂದ ಹೋದ ಮೂವತ್ತರ ಹರೆಯದ ವಾಜ್ ಸ್ವಾಮಿಗಳು ಧರ್ಮಾಧ್ಯಕ್ಷರನ್ನು ದೂರದಿಂದ ದೂಷಿಸಲಿಲ್ಲ. ನೇರವಾಗಿ ಅವರ ಬಳಿಗೇ ಹೋಗಿ, ಗೌರವದಿಂದ ನಮಸ್ಕರಿಸಿ, ರೋಮಿನಿಂದ ಬಂದ ನೇಮಕಪತ್ರಗಳನ್ನು ತೋರಿಸಬೇಕೆಂದು ವಿನಂತಿಸಿದರು. ಪತ್ರಗಳು ನಿಜವಾದವೆಂದು ಮನವರಿಕೆಯಾದೊಡನೆ ಅದನ್ನು ಒಪ್ಪಿಕೊಂಡರು. ಸಂದೇಹಗಳು ಬಗೆಹರಿಯುವವರೆಗೆ ಭಕ್ತಾದಿಗಳಿಗೆ ತೊಂದರೆಯಾಗದಂತೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದರು. ಇದರಿಂದ ಗೋವೆಯ ಅಧಿಕಾರಿಗಳು ಅಸಮಾಧಾನಗೊಂಡರು. ಒಪ್ಪಂದವನ್ನು ಮುರಿಯಬೇಕೆಂದು ಒತ್ತಾಯ ಬಂದಿತು. ಅವರು ಮುರಿಯಲಿಲ್ಲ, ಒತ್ತಾಯಿಸಿದವರ ಮೇಲೆ ದ್ವೇಷವನ್ನೂ ಸಾಧಿಸಲಿಲ್ಲ. ಮಂಗಳೂರು, ಬಸರೂರು, ಕುಂದಾಪುರ, ಗಂಗೊಳ್ಳಿಗಳಲ್ಲಿ ಬರಿಗಾಲಿನಲ್ಲಿ ಸಂಚರಿಸುತ್ತ ದೇವಾಲಯಗಳನ್ನು ಎತ್ತಿ ನಿಲ್ಲಿಸಿದರು, ಶಾಲೆಗಳನ್ನು ತೆರೆದರು, ಗುಲಾಮರಾಗಿ ಮಾರಾಟವಾಗಿದ್ದ ಕ್ರೈಸ್ತರನ್ನು ಹಣ ತೆತ್ತು ಬಿಡಿಸಿದರು.

ಮಂಗಳೂರಿನ ಸಮೀಪದ ಮುಡಿಪು ಗುಡ್ಡದ ಭಕ್ತರಲ್ಲಿ ಒಂದು ಐತಿಹ್ಯ ಉಳಿದುಬಂದಿದೆ. ಸ್ವಾಮಿಗಳನ್ನು ಕೊಲ್ಲಬೇಕೆಂದು ಸಂಚು ಹೂಡಿದವರು, ರೋಗಿಯೊಬ್ಬನಿಗೆ ಸಂಸ್ಕಾರ ನೀಡಬೇಕೆಂಬ ನೆಪದಲ್ಲಿ ರಾತ್ರಿಯ ವೇಳೆ ಅವರನ್ನು ಆ ಗುಡ್ಡಕ್ಕೆ ಕರೆದೊಯ್ದರಂತೆ. ಅಲ್ಲಿ ಅವರು ಮೊಣಕಾಲೂರಿ ಪ್ರಾರ್ಥಿಸಿದಾಗ ಬಂಡೆಯಲ್ಲಿ ನೀರಿನ ಒರತೆಗಳು ಚಿಮ್ಮಿದುವಂತೆ. ಇಂದಿಗೂ ಭಕ್ತರು ಆ ಒರತೆಗಳ ಬಳಿಗೆ ಹೋಗಿ ಪ್ರಾರ್ಥಿಸುತ್ತಾರೆ. ಕೊಲ್ಲಬಂದವರಿಗೆ ಪ್ರತಿಯಾಗಿ ಸಿಡಿಲು ಬೀಳಲಿಲ್ಲ, ನೀರು ಹರಿಯಿತು ಎಂಬುದನ್ನು ಜನ ತಲೆಮಾರುಗಳಿಂದ ನೆನಪಿಟ್ಟುಕೊಂಡಿರುವುದು ಗಮನಾರ್ಹ.

ಧರ್ಮಾಧ್ಯಕ್ಷ ಕಾಸ್ತ್ರೊ ಅವರು 1684ರಲ್ಲಿ ಮಂಗಳೂರಿನಲ್ಲಿಯೇ ದೈವಾಧೀನರಾದರು. ಅದೇ ವರ್ಷ ವಾಜ್ ಸ್ವಾಮಿಗಳು ಗೋವೆಗೆ ಮರಳಿದರು. ಅಲ್ಲಿ 1685ರಲ್ಲಿ ಸಂತ ಫಿಲಿಪ್ ನೇರಿಯವರ ಮಾದರಿಯ ಒರೆಟರಿ ಎಂಬ ಗುರುಸಂಘವನ್ನು ಸೇರಿ ಅದರ ಮುಖ್ಯಸ್ಥರಾದರು.

ಭಿಕ್ಷುಕನ ವೇಷದಲ್ಲಿ ಸಿಂಹಳಕ್ಕೆ

1658ರಲ್ಲಿ ಜಾಫ್ನಾ ಪಟ್ಟಣವು ಡಚ್ಚರ ವಶವಾಗಿತ್ತು. ಕ್ಯಾಲ್ವಿನ್ ಪಂಥದವರಾದ ಅವರು ಕಥೋಲಿಕ ಗುರುಗಳಿಗೆ ಆಶ್ರಯ ನೀಡಿದವರಿಗೆ ಮರಣದಂಡನೆ ಎಂದು ಅದೇ ವರ್ಷ ಡಂಗುರ ಹೊಡೆಸಿದ್ದರು. 1686ರಲ್ಲಿ ಗೋವೆಯಿಂದ ಹೊರಟ ವಾಜ್ ಸ್ವಾಮಿಗಳು, ಜಾನ್ ಎಂಬ ಸೇವಕನೊಡನೆ ಕೂಲಿಯವನ ವೇಷ ಧರಿಸಿ 1687ರಲ್ಲಿ ಜಾಫ್ನಾ ತಲುಪಿದರು. ಅದೇ ವರ್ಷ ಮೊಗಲರು ನಮ್ಮ ಶಿರಾವನ್ನು ತಮ್ಮ ಪ್ರಾಂತ್ಯದ ರಾಜಧಾನಿಯನ್ನಾಗಿ ಮಾಡಿಕೊಂಡರು. ಇತ್ತ ಕುದುರೆ ಆನೆಗಳ ಸೈನ್ಯದೊಡನೆ ಒಂದು ನಾಡು ಗೆಲ್ಲಲ್ಪಡುತ್ತಿದ್ದಾಗ, ಅತ್ತ ಭೇದಿಯಿಂದ ನಿತ್ರಾಣನಾದ ಒಬ್ಬ ಗುರು, ಭಿಕ್ಷುಕರ ನಡುವೆ ಗಂಜಿ ಕುಡಿದು ಜೀವ ಉಳಿಸಿಕೊಂಡು ಇನ್ನೊಂದು ನಾಡಿನ ಹೃದಯವನ್ನು ಪ್ರವೇಶಿಸುತ್ತಿದ್ದನು.

ಕತ್ತಿಗೆ ಜಪಮಾಲೆ ಹಾಕಿಕೊಂಡು ಭಿಕ್ಷೆ ಬೇಡುತ್ತ, ಅದನ್ನು ನೋಡಿ ಯಾರ ಕಣ್ಣು ಅರಳುತ್ತದೆಂದು ಗಮನಿಸಿ ಅವರು ಗುಪ್ತ ಕಥೋಲಿಕರನ್ನು ಗುರುತಿಸುತ್ತಿದ್ದರಂತೆ. ಸಿಲ್ಲಾಲೈ ಗ್ರಾಮದಲ್ಲಿ ಆಶ್ರಯ ಪಡೆದು, ರಾತ್ರಿಯ ವೇಳೆ ಬಲಿಪೂಜೆ ಅರ್ಪಿಸುತ್ತ, ಸಂಸ್ಕಾರಗಳನ್ನು ನೀಡುತ್ತಿದ್ದರು. ಒಂದು ಕ್ರಿಸ್ತಜಯಂತಿಯ ರಾತ್ರಿ ಡಚ್ ಸಿಪಾಯಿಗಳು ದಾಳಿಯಿಟ್ಟು ನೆರೆದಿದ್ದ ಕಥೋಲಿಕರನ್ನು ಹಿಡಿದರು. ಹಿಡಿದವರಲ್ಲಿ ಕೆಲವರಿಗೆ ಘೋರವಾದ ಛಡಿಯೇಟುಗಳು ಬಿದ್ದವು. ಸ್ವಾಮಿಗಳು ತಪ್ಪಿಸಿಕೊಂಡರು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಶತ್ರುವಿಗಾಗಿ ಪ್ರಾರ್ಥಿಸುವುದೆಂದರೆ ಅವನ ಕೈಗೆ ನಮ್ಮ ಕುತ್ತಿಗೆಯನ್ನು ಕೊಡುವುದೆಂದು ಕೆಲವರು ತಿಳಿಯುತ್ತಾರೆ. ವಾಜ್ ಸ್ವಾಮಿಗಳು ಹಾಗೆ ಮಾಡಲಿಲ್ಲ. ವೇಷ ಮರೆಸಿಕೊಂಡರು, ಅಡಗಿಕೊಂಡರು, ರಾತ್ರಿಯಲ್ಲಿ ನಡೆದರು. ಕುಡಿದು ಬಂದು ಹೊಡೆಯುವ ಗಂಡನ ಕೈಯಿಂದ ತನ್ನನ್ನೂ ತನ್ನ ಮಕ್ಕಳನ್ನೂ ಕಾಪಾಡಿಕೊಳ್ಳುವ ತಾಯಿಯಾಗಲಿ, ಕಳೆದುಕೊಂಡ ಜಮೀನಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತುವ ರೈತನಾಗಲಿ ಕ್ಷಮೆಯ ಧರ್ಮವನ್ನು ಮೀರಿದವರಲ್ಲ. ಅನ್ಯಾಯದಿಂದ ದೂರ ಸರಿಯಬಹುದು, ಅನ್ಯಾಯವನ್ನು ಎದುರಿಸಬಹುದು. ಆದರೆ ಅನ್ಯಾಯ ಮಾಡಿದವನು ಹಾಳಾಗಲಿ ಎಂದು ದೇವರ ಮುಂದೆ ಬೇಡಬಾರದು.

ಕ್ಯಾಂಡಿಯ ಸೆರೆಮನೆ

ಡಚ್ಚರ ಹಿಡಿತಕ್ಕೆ ಸಿಗದ ಕ್ಯಾಂಡಿ ರಾಜ್ಯ ದ್ವೀಪದ ನಡುವಣ ಬೆಟ್ಟಗಳಲ್ಲಿತ್ತು. ಅಲ್ಲಿ ಬೌದ್ಧಧರ್ಮೀಯನಾದ ಎರಡನೆಯ ವಿಮಲಧರ್ಮಸೂರ್ಯನು ಆಳುತ್ತಿದ್ದನು. 1690ರಲ್ಲಿ ಪುತ್ತಳಂ ಸೇರಿದ ವಾಜ್ ಸ್ವಾಮಿಗಳು 1692ರಲ್ಲಿ ಕ್ಯಾಂಡಿಗೆ ಪ್ರಯಾಣ ಬೆಳೆಸಿದರು. ಆದರೆ ರಾಜಧಾನಿಯಲ್ಲಿದ್ದ ಫ್ರಾನ್ಸ್ ದೇಶದ ಪ್ರೊಟೆಸ್ಟೆಂಟ್ ಪಂಥೀಯನೊಬ್ಬನು, ಬರುತ್ತಿರುವವನು ಗುರುವಲ್ಲ, ಪೋರ್ಚುಗೀಸರ ಗೂಢಚಾರನೆಂದು ರಾಜನಿಗೆ ದೂರಿತ್ತನು. ಬಂದೊಡನೆಯೇ ಸ್ವಾಮಿಗಳನ್ನು ಸೆರೆಮನೆಗೆ ತಳ್ಳಲಾಯಿತು.

ದೂರಿತ್ತವನ ಹಿನ್ನೆಲೆಯನ್ನೂ ನಾವು ಅರಿಯಬೇಕು. ಅವನ ಪಂಥದವರನ್ನು ಫ್ರಾನ್ಸಿನ ಕಥೋಲಿಕ ಅರಸನಾದ ಹದಿನಾಲ್ಕನೆಯ ಲೂಯಿ ಬಹುವಾಗಿ ಹಿಂಸಿಸಿ, 1685ರಲ್ಲಿ ಅವರಿಗಿದ್ದ ಧಾರ್ಮಿಕ ಸ್ವಾತಂತ್ರ್ಯವನ್ನೇ ಕಿತ್ತುಕೊಂಡಿದ್ದನು. ಎಷ್ಟೋ ಸಾವಿರ ಕುಟುಂಬಗಳು ದೇಶಭ್ರಷ್ಟವಾದವು. ಒಂದು ಕಡೆ ನಮ್ಮವರು ಕೊಟ್ಟ ನೋವು ಇನ್ನೊಂದು ಕಡೆ ನಮ್ಮವರ ಮೇಲೆಯೇ ತಿರುಗಿ ಬೀಳುತ್ತದೆ. ಸುಳ್ಳು ದೂರು ಸುಳ್ಳೇ, ಅದನ್ನು ಸಮರ್ಥಿಸಲಾಗದು. ಆದರೆ ನಮ್ಮನ್ನು ನೋಯಿಸುವವನು ಬಹುಮಟ್ಟಿಗೆ ತಾನೂ ನೊಂದವನೇ ಆಗಿರುತ್ತಾನೆ. ಅವನಿಗಾಗಿ ಪ್ರಾರ್ಥಿಸತೊಡಗಿದಾಗ ಮಾತ್ರ ಆ ಗಾಯ ನಮ್ಮ ಕಣ್ಣಿಗೆ ಕಾಣತೊಡಗುತ್ತದೆ.

ಸೆರೆಮನೆಯಲ್ಲಿ ಸ್ವಾಮಿಗಳು ಕಾಲ ಕಳೆದ ರೀತಿ ಅಪೂರ್ವವಾದುದು. ದೂರಿತ್ತವನ ಮೇಲೆ ಪ್ರತಿದೂರು ಕೊಡುವ ಬದಲು ಅವರು ಸಿಂಹಳ ಭಾಷೆಯನ್ನು ಕಲಿಯಲು ಕುಳಿತರು. ತನ್ನನ್ನು ಬಂಧಿಸಿದ ಜನರ ಭಾಷೆಯನ್ನು ಶ್ರದ್ಧೆಯಿಂದ ಕಲಿಯುವವನ ಮನಸ್ಸಿನಲ್ಲಿ ದ್ವೇಷಕ್ಕೆ ಸ್ಥಳವೆಲ್ಲಿ? ಕಾವಲು ಸಡಿಲವಾದಾಗ ಅಲ್ಲಿಯೇ ಒಂದು ಗುಡಿಸಲನ್ನು ದೇವಾಲಯವನ್ನಾಗಿ ಮಾಡಿ ಬಲಿಪೂಜೆ ಅರ್ಪಿಸಿದರು. ಡಚ್ಚರಿಗೆ ಹೆದರಿ ಬೆಟ್ಟಗಳಲ್ಲಿ ನೆಲೆಸಿದ್ದ ಕಥೋಲಿಕರು ಗುಟ್ಟಾಗಿ ಅಲ್ಲಿಗೆ ಬರತೊಡಗಿದರು. ಈತ ಗೂಢಚಾರನಲ್ಲ, ನಿರುಪದ್ರವಿಯಾದ ಸನ್ಯಾಸಿಯೆಂದು ರಾಜನಿಗೂ ಕ್ರಮೇಣ ಮನವರಿಕೆಯಾಯಿತು. ಆದರೂ ರಾಜಧಾನಿಯನ್ನು ಬಿಟ್ಟು ಹೋಗುವ ಸ್ವಾತಂತ್ರ್ಯ ಅವರಿಗೆ ಇನ್ನೂ ದೊರೆಯಲಿಲ್ಲ.

ಮಳೆ

1696ರಲ್ಲಿ ಕ್ಯಾಂಡಿ ರಾಜ್ಯಕ್ಕೆ ಭೀಕರ ಬರಗಾಲ ಬಂದಿತು. ಬರಗಾಲವೆಂದರೇನೆಂದು ಪಾವಗಡದವರಿಗೆ ವಿವರಿಸಬೇಕಾಗಿಲ್ಲ. ಬಿತ್ತಿದ ಕಡಲೆಕಾಯಿ ಹೂಬಿಡುವ ಹೊತ್ತಿಗೆ ಮೋಡ ಮುಖ ತಿರುಗಿಸುವುದನ್ನೂ, ಜಯಮಂಗಲಿಯ ಪಾತ್ರದಲ್ಲಿ ಬರಿಯ ಮರಳು ಮಿಂಚುವುದನ್ನೂ, ಎಷ್ಟು ಆಳಕ್ಕೆ ಕೊರೆಸಿದರೂ ಕೊಳವೆಬಾವಿಯಿಂದ ಧೂಳೇ ಬರುವುದನ್ನೂ ನಾವು ಕಂಡಿದ್ದೇವೆ. ರಾಜನು ಮೊದಲು ತನ್ನ ಧರ್ಮದ ಭಿಕ್ಷುಗಳಿಂದ ಮಳೆಗಾಗಿ ಪ್ರಾರ್ಥನೆ ಮಾಡಿಸಿದನು. ಮಳೆ ಬಾರದಿರಲು, ಕೊನೆಗೆ ತಾನೇ ಬಂಧನದಲ್ಲಿಟ್ಟಿದ್ದ ಕ್ರೈಸ್ತ ಗುರುವಿಗೆ ಹೇಳಿಕಳುಹಿಸಿದನು.

ಆ ಗಳಿಗೆಯಲ್ಲಿ ವಾಜ್ ಸ್ವಾಮಿಗಳ ಸ್ಥಾನದಲ್ಲಿ ನಾವಿದ್ದರೆ ಏನು ಮಾಡುತ್ತಿದ್ದೆವು? ನಾಲ್ಕು ವರ್ಷ ನಿರಪರಾಧಿಯನ್ನು ತಡೆದಿಟ್ಟವನಿಗೆ ದೇವರು ಕೊಟ್ಟ ಶಿಕ್ಷೆಯಿದು ಎನ್ನುತ್ತಿದ್ದೆವೇನೋ. ಮೊದಲು ಬಿಡುಗಡೆ ಮಾಡಿ, ಅನಂತರ ಪ್ರಾರ್ಥಿಸುವೆ ಎಂದು ಷರತ್ತು ಹಾಕುತ್ತಿದ್ದೆವೇನೋ. ಸ್ವಾಮಿಗಳು ಊರ ನಡುವಣ ಬಯಲಿನಲ್ಲಿ ಪೀಠವನ್ನು ಕಟ್ಟಿ, ಅದರ ಮೇಲೆ ಶಿಲುಬೆಯನ್ನಿಟ್ಟು, ಎಲ್ಲರ ಕಣ್ಣೆದುರಿಗೆ ಮೊಣಕಾಲೂರಿದರು. ಅವರು ಪ್ರಾರ್ಥಿಸುತ್ತಿದ್ದಂತೆಯೇ ಧಾರಾಕಾರವಾಗಿ ಮಳೆ ಸುರಿಯಿತೆಂದೂ, ಸುತ್ತಲೂ ನೀರು ಹರಿಯುತ್ತಿದ್ದರೂ ಪೀಠವೂ ಅವರೂ ನೆನೆಯದೆ ಉಳಿದರೆಂದೂ ಅವರ ಚರಿತ್ರಕಾರರು ಬರೆದಿದ್ದಾರೆ. ರಾಜನು ತನ್ನ ರಾಜ್ಯದಲ್ಲೆಲ್ಲ ಸಂಚರಿಸಿ ಧರ್ಮಬೋಧನೆ ಮಾಡಲು ಅವರಿಗೆ ಸ್ವಾತಂತ್ರ್ಯವಿತ್ತನು.

ಮತ್ತಾಯರ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ, ಹಿಂಸಿಸುವವರಿಗಾಗಿ ಪ್ರಾರ್ಥಿಸಬೇಕೆಂದು ಬೋಧಿಸುವಾಗ ಪ್ರಭು ಯೇಸುಸ್ವಾಮಿ ದೃಷ್ಟಾಂತವಾಗಿ ತೋರಿಸುವುದು ಬಿಸಿಲನ್ನು ಮತ್ತು ಮಳೆಯನ್ನು. ತಂದೆಯಾದ ದೇವರು ಅವುಗಳನ್ನು ಕೊಡುವಾಗ ಒಳ್ಳೆಯವರು ಕೆಟ್ಟವರೆಂದು ಆರಿಸುವುದಿಲ್ಲವೆಂದು ಅವರು ತಿಳಿಸುತ್ತಾರೆ. ಆ ಬೋಧನೆಯು ಕ್ಯಾಂಡಿಯ ಬಯಲಿನಲ್ಲಿ ಅಕ್ಷರಶಃ ನೆರವೇರಿತು. ಮಳೆ ಬಂದಾಗ ರಾಜನ ಗದ್ದೆಗೂ ಬಂದಿತು, ಕಾವಲುಗಾರನ ಹಿತ್ತಿಲಿಗೂ ಬಂದಿತು, ಸುಳ್ಳು ದೂರಿತ್ತವನ ಅಂಗಳಕ್ಕೂ ಬಂದಿತು. ನನ್ನ ಹೊಲಕ್ಕೆ ಮಾತ್ರ ಮಳೆ ಬರಲಿ, ಬದುವಿನಾಚೆಯ ದಾಯಾದಿಯ ಹೊಲಕ್ಕೆ ಬೇಡವೆಂದು ಯಾರೂ ಪ್ರಾರ್ಥಿಸಲಾರರು. ಪ್ರಾರ್ಥಿಸಿದರೂ ಮೋಡವು ಬದುವನ್ನು ನೋಡಿ ನಿಲ್ಲುವುದಿಲ್ಲ. ನೋಯಿಸಿದವರಿಗಾಗಿ ಮಾಡುವ ಪ್ರಾರ್ಥನೆಯ ಮರ್ಮ ಇಷ್ಟೇ: ನಮಗಾಗಿ ಏನನ್ನು ಬೇಡುತ್ತೇವೆಯೋ ಅದನ್ನೇ ಅವರಿಗಾಗಿಯೂ ಬೇಡುವುದು.

ಸಿಡುಬಿನ ಕಾಲ

ಅಂಥ ಪ್ರಾರ್ಥನೆ ಬಾಯಿಮಾತಿನಲ್ಲಿ ನಿಲ್ಲುವುದಿಲ್ಲ, ಕೈಕೆಲಸವಾಗುತ್ತದೆ ಎಂಬುದಕ್ಕೆ ಮರುವರ್ಷವೇ ಸಾಕ್ಷಿ ದೊರೆಯಿತು. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿತು. ರಾಜನೂ ಶ್ರೀಮಂತರೂ ನಗರವನ್ನು ತೊರೆದರು. ರೋಗಿಗಳನ್ನು ಹೆತ್ತವರೇ ಕಾಡಿಗೆ ಅಟ್ಟಿ ಬಿಟ್ಟುಹೋಗುತ್ತಿದ್ದರು. ವಾಜ್ ಸ್ವಾಮಿಗಳು ಹೋಗಲಿಲ್ಲ. ಗೋವೆಯಿಂದ ಬಂದಿದ್ದ ಜೋಸೆಫ್ ಕರ್ವಾಲ್ಹೊ ಸ್ವಾಮಿಗಳೊಡನೆ ಪಾಳುಬಿದ್ದ ಮನೆಗಳನ್ನೇ ಆಸ್ಪತ್ರೆಗಳನ್ನಾಗಿ ಮಾಡಿ, ರೋಗಿಗಳನ್ನು ಹೊತ್ತು ತಂದು, ಹುಣ್ಣುಗಳನ್ನು ತೊಳೆದು, ಗಂಜಿ ಕುಡಿಸಿದರು. ಸತ್ತವರಿಗೆ ಗುಂಡಿ ತೋಡಿ ಮಣ್ಣುಮಾಡಿದರು. ಕ್ರೈಸ್ತನೋ ಬೌದ್ಧನೋ ಎಂದು ಕೇಳಲಿಲ್ಲ. ತಮ್ಮ ಪರವಾಗಿದ್ದವನೋ ವಿರೋಧವಾಗಿದ್ದವನೋ ಎಂದೂ ಕೇಳಲಿಲ್ಲ.

ಮುಂದೆ ಗೋವೆಯಿಂದ ಇನ್ನೂ ಹಲವು ಗುರುಗಳು ಬಂದು ಸೇರಿದರು. 1705ರಲ್ಲಿ ಬಂದ ಜಾಕೊಮೆ ಗೊನ್ಸಾಲ್ವಿಸ್ ಸ್ವಾಮಿಗಳು ಸಿಂಹಳ ಮತ್ತು ತಮಿಳು ಭಾಷೆಗಳಲ್ಲಿ ಕ್ರೈಸ್ತ ಸಾಹಿತ್ಯವನ್ನು ಸೃಷ್ಟಿಸಿದರು. ವಾಜ್ ಸ್ವಾಮಿಗಳನ್ನು ಧರ್ಮಾಧ್ಯಕ್ಷರನ್ನಾಗಿ ಮಾಡುವ ಪ್ರಯತ್ನ ನಡೆದಾಗ ಅವರು ಅದನ್ನು ನಿರಾಕರಿಸಿ ಸಾಮಾನ್ಯ ಗುರುವಾಗಿಯೇ ಉಳಿದರು. ದೇಹ ಕುಗ್ಗಿದರೂ ಸೇವೆಯನ್ನು ಬಿಡದೆ, 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ತಮ್ಮ 59ನೆಯ ವಯಸ್ಸಿನಲ್ಲಿ ದೈವಸನ್ನಿಧಿಯನ್ನು ಸೇರಿದರು. ಗೂಢಚಾರನೆಂಬ ಆಪಾದನೆ ಹೊತ್ತು ಯಾವ ನಗರವನ್ನು ಪ್ರವೇಶಿಸಿದ್ದರೋ ಅದೇ ನಗರ ಅವರಿಗಾಗಿ ಶೋಕಿಸಿತು. ಜಗದ್ಗುರು ಎರಡನೆಯ ಜಾನ್ ಪೌಲರು 1995ರ ಜನವರಿ 21ರಂದು ಕೊಲಂಬೊ ನಗರದಲ್ಲಿ ಅವರನ್ನು ಪುನೀತರೆಂದು ಘೋಷಿಸಿದರು. ಅದೇ ನಗರದಲ್ಲಿ ಜಗದ್ಗುರು ಫ್ರಾನ್ಸಿಸರು 2015ರ ಜನವರಿ 14ರಂದು ಅವರನ್ನು ಸಂತರ ಶ್ರೇಣಿಗೆ ಸೇರಿಸಿದರು.

ನಮ್ಮ ಪಾಲಿನ ಕರ್ತವ್ಯ

ಪ್ರಿಯ ಭಕ್ತಾದಿಗಳೇ, ಮನಸ್ಸು ತಿಳಿಯಾದ ಮೇಲೆ ಪ್ರಾರ್ಥಿಸೋಣವೆಂದು ಕಾಯುವವರು ಬಹಳ ಮಂದಿ. ಹಾಗೆ ಕಾಯುವುದು ಮಳೆ ಬಂದ ಮೇಲೆ ಕೆರೆ ಕಟ್ಟುತ್ತೇನೆಂದಂತೆ. ಕೆರೆಯ ಏರಿಯನ್ನು ಬೇಸಿಗೆಯಲ್ಲೇ ಕಟ್ಟಬೇಕು. ಕೋಪ ಇನ್ನೂ ಆರದಿರುವಾಗಲೇ, ಆ ವ್ಯಕ್ತಿಯ ಹೆಸರನ್ನು ಉಚ್ಚರಿಸಲು ನಾಲಗೆ ಹಿಂಜರಿಯುವಾಗಲೇ ಪ್ರಾರ್ಥನೆಯನ್ನು ಆರಂಭಿಸಬೇಕು. ಅದು ಬಾಯಿಯ ಪ್ರಾರ್ಥನೆ ಮಾತ್ರವೆಂದು ತೋರಿದರೂ ಚಿಂತೆಯಿಲ್ಲ. ಮನಸ್ಸು ತನ್ನ ಸಮಯಕ್ಕೆ ಹಿಂಬಾಲಿಸುತ್ತದೆ.

ಇಂದು ರಾತ್ರಿ ಮನೆಯಲ್ಲಿ ಜಪಮಾಲೆ ಮುಗಿದ ಮೇಲೆ ಒಂದು ಪರಲೋಕ ಮಂತ್ರವನ್ನು, ನಿಮ್ಮನ್ನು ಅತಿಯಾಗಿ ನೋಯಿಸಿದ ಒಬ್ಬ ವ್ಯಕ್ತಿಗಾಗಿ ಅವರ ಹೆಸರು ಹಿಡಿದು ಹೇಳಿರಿ. ನಿಮ್ಮ ಮಕ್ಕಳಿಗೆ ಆರೋಗ್ಯ ಬೇಡುವಾಗ ಅವರ ಮಕ್ಕಳಿಗೂ ಬೇಡಿರಿ. ನಿಮ್ಮ ಬಾವಿಗೆ ನೀರು ಬೇಡುವಾಗ ಅವರ ಬಾವಿಗೂ ಬೇಡಿರಿ. ಶತಮಾನೋತ್ಸವದ ದಿವ್ಯಬಲಿಪೂಜೆಯಲ್ಲಿ ಶಾಂತಿಯನ್ನು ಹಂಚಿಕೊಳ್ಳುವ ಹೊತ್ತಿಗೆ, ಬಹುದಿನಗಳಿಂದ ಜೋಡಿಸದ ಎರಡು ಕೈಗಳು ಜೋಡಿಸಿದರೆ ಈ ಉತ್ಸವ ಸಾರ್ಥಕವಾದಂತೆ.

ಬರದ ನಾಡಿನಲ್ಲಿ ಮೊಣಕಾಲೂರಿ ಎಲ್ಲರ ಹೊಲಕ್ಕೂ ಮಳೆ ಬೇಡಿದ ಸಂತ ಜೋಸೆಫ್ ವಾಜರು ನಮಗಾಗಿ, ನಮ್ಮನ್ನು ನೋಯಿಸಿದವರಿಗಾಗಿ, ನಾವು ನೋಯಿಸಿದವರಿಗಾಗಿಯೂ ಪ್ರಾರ್ಥಿಸಲಿ.